ಮೈಲಮ್ಮ ತೂಬು ಮುಚ್ಚಿದ ದಿನ

ಶಿವರಾತ್ರಿ ಕಳೆದು ಬಿಸಿಲು ಬಲಿತಿತ್ತು. ಆ ವರ್ಷ ಯುಗಾದಿಯೂ ರಂಜಾನೂ ಒಂದೇ ವಾರದಲ್ಲಿ ಬೀಳುತ್ತಿದ್ದುದರಿಂದ ಮೈಲಮ್ಮನ ಶಾವಿಗೆ ಮಿಷನ್ನಿಗೆ ಬೆಳಗಿನ ಆರರಿಂದಲೇ ಬಿಡುವಿರಲಿಲ್ಲ. ಕೆ.ಬಿ. ಬಡಾವಣೆಯ ಆ ಮನೆಯಂಗಳದಲ್ಲಿ ರವೆಯ ಡಬ್ಬಿಗಳು ಸಾಲುಗಟ್ಟಿ ಕೂತಿದ್ದವು. ಡಬ್ಬಿಗಳ ಒಡತಿಯರು ಕಾಂಪೌಂಡಿನ ನೆರಳು ಸರಿದಂತೆಲ್ಲ ತಾವೂ ಸರಿಯುತ್ತ ಮಾತಿಗೆ ಕೂತಿದ್ದರು. ಮೈಲಮ್ಮ ನಾದಿದ ಹಿಟ್ಟನ್ನು ಮಿಷನ್ನಿನ ಬಾಯಿಗೆ ಒತ್ತುತ್ತಿದ್ದಳು. ಅಚ್ಚಿನಿಂದ ಇಳಿವ ಎಳೆಗಳನ್ನು ಗಂಡ ಬೊಮ್ಮಣ್ಣ ಮೊಳದುದ್ದಕ್ಕೆ ಕತ್ತರಿಸಿ, ಕೂಸನ್ನು ಎತ್ತಿಕೊಂಡಂತೆ ಎರಡೂ ಕೈಯಲ್ಲಿ ಹೊತ್ತು ಗಳದ ಮೇಲೆ ಹರವುತ್ತಿದ್ದ.

ಗೋಡೆಯ ಪೆಟ್ಟಿಗೆ ಟಕ್ಕೆಂದಿತು. ಮಿಷನ್ನು ನಿಂತಿತು.

"ಮತ್ತ ಹೋತು," ಅಂದ ಬೊಮ್ಮಣ್ಣ.

ಅದು ಮೊದಲು ದುಡ್ಡು, ಆಮೇಲೆ ಕರೆಂಟು ಅನ್ನುವ ಜಾತಿಯ ಮೀಟರು. ಹಿಂದೆ ಇದ್ದ ಬಾಡಿಗೆಯವನು ಮೂರು ತಿಂಗಳ ಬಿಲ್ಲು ಮುಳುಗಿಸಿ ಹೋದ ಮೇಲೆ ಮಾಲೀಕ ವಿಜಯಕುಮಾರ್ ತಾನೇ ತಂದು ಹಾಕಿಸಿದ್ದು. ಫೋನಿನಲ್ಲಿ ದುಡ್ಡು ತುಂಬಬೇಕು. ತುಂಬಿದ್ದು ತೀರಿದ ಗಳಿಗೆಗೆ ಕೆಳಗಿನ ಮನೆ ಕತ್ತಲು. ಮೈಲಮ್ಮನ ಹತ್ತಿರ ಇದ್ದದ್ದು ಗುಂಡಿ ಒತ್ತುವ ಫೋನು. ಹಾಗಾಗಿ ಪಕ್ಕದ ಮನೆಯ ಮುಸರತ್ ತನ್ನ ಫೋನಿನಿಂದ ತುಂಬುವುದು, ಮೈಲಮ್ಮ ಅವಳ ಕೈಗೆ ನೋಟು ಕೊಡುವುದು ರೂಢಿಯಾಗಿತ್ತು.

ಸಂಕ್ರಾಂತಿ ಮುಗಿಸಿಕೊಂಡು ಹರಿಹರದ ಬಗಲಿನ ಗುತ್ತೂರಿನಿಂದ ಮಿಷನ್ನನ್ನು ಟೆಂಪೋದಲ್ಲಿ ಹೇರಿಕೊಂಡು ಇಲ್ಲಿಗೆ ಬಂದದ್ದು ಗಿರಾಕಿಗಾಗಿ. ಊರಲ್ಲಿ ಶಾವಿಗೆ ಒಂದು ತಿಂಗಳ ಬಾಳು, ದಾವಣಗೆರೆಯಲ್ಲಿ ಮೃಗಶಿರಾ ಮಳೆ ಬೀಳುವ ತನಕ. ಗಿರಾಕಿಯೇನೋ ಬಂದರು. ಆದರೆ ಗುತ್ತೂರಿನಲ್ಲಿ ಐನೂರು ರೂಪಾಯಿಗೆ ಹತ್ತು ದಿನ ಓಡುತ್ತಿದ್ದ ಮಿಷನ್ನು ಇಲ್ಲಿ ನಾಲ್ಕೇ ದಿನಕ್ಕೆ ಐನೂರು ನುಂಗುತ್ತಿತ್ತು. ದುಡಿದದ್ದೆಲ್ಲ ಪೆಟ್ಟಿಗೆಯ ಪಾಲು.

ಹೇಳಲು ಹೋದರೆ ವಿಜಯಕುಮಾರ್ ಮಹಡಿಯ ಮೆಟ್ಟಿಲ ಮೇಲೇ ನಿಂತು ಉತ್ತರ ಕೊಟ್ಟಿದ್ದ. "ಅಲ್ಲಮ್ಮಾ, ಮನ್ಯಾಗ ಕಾರ್ಖಾನೆ ಇಟ್ಕಂಡು ಕರೆಂಟು ಜಾಸ್ತಿ ಬರ್ತೈತೆ ಅಂದ್ರೆ ಹೆಂಗೆ? ನಿಂದು ಹಳೇ ಮಿಷನ್ನು, ಅದೇ ತಿನ್ನಾದು. ಇಷ್ಟು ಲೋಡು ಎಳೆದ್ರೆ ನನ್ನ ವೈರಿಂಗ್ ಸುಟ್ಟೋಗ್ತೈತೆ. ಯುಗಾದಿಯೊಳಗ ಮಿಷನ್ ತೆಗಿ. ಇಲ್ಲಾ, ಬ್ಯಾರೆ ಮನಿ ನೋಡ್ಕೊ."

"ಹೋದ ವಾರ ಹರಿಹರಕ್ಕೆ ಮದ್ವಿಗೆ ಹೋಗಿದ್ವಿ ಸರ್. ಮೇನ್ ಆಫ್ ಮಾಡಿದ್ದೆ. ಎರಡು ದಿನಕ್ಕ ನೂರಾ ಮೂವತ್ತು ಹೋಗೈತೆ."

"ಮೀಟರಿಗೂ ಒಂದಿಷ್ಟು ಖರ್ಚಿರ್ತೈತೆ," ಅಂದು ಅವನು ಒಳಗೆ ಹೋಗಿದ್ದ.

ಆ ಎರಡು ದಿನದ ನೂರಾ ಮೂವತ್ತು ಮೈಲಮ್ಮನ ಮನಸ್ಸಿನಲ್ಲಿ ಹಲ್ಲಿಗೆ ಸಿಕ್ಕ ನಾರಿನ ಹಾಗೆ ಉಳಿದುಬಿಟ್ಟಿತ್ತು. ಮಿಷನ್ನು ಓಡದೆ ಹೋದದ್ದು ಎಲ್ಲಿಗೆ ಹೋಯಿತು?

ಮುಸರತ್ ಆಗಲೇ ಫೋನು ಹಿಡಿದು ಬಂದಿದ್ದಳು. "ಎಷ್ಟು ಹಾಕ್ಲಿ ಮೈಲಕ್ಕಾ? ಐನೂರಾ?"

ಮೈಲಮ್ಮ ಕೈಯ ಹಿಟ್ಟು ಉಜ್ಜಿಕೊಳ್ಳುತ್ತ ಪೆಟ್ಟಿಗೆಯನ್ನೇ ನೋಡಿದಳು. "ಹಾಕಬ್ಯಾಡವ್ವ."

"ಯಾಕ?"

"ಇವತ್ತು ತೂಬು ಮುಚ್ಚಾನ."

ಬೊಮ್ಮಣ್ಣನ ಕೈಯಲ್ಲಿದ್ದ ಎಳೆಗಳು ಹಾಗೇ ನಿಂತವು. ಮೂವತ್ತು ವರ್ಷ ಅವನು ಭದ್ರಾ ನಾಲೆಯ ಮೇಲೆ ನೀರಗಂಟಿಯಾಗಿದ್ದವನು. ಯಾರ ಗದ್ದೆಗೆ ಯಾವ ಹೊತ್ತು ನೀರು ಅನ್ನುವುದು ಅವನ ಸನಿಕೆಯ ತುದಿಯಲ್ಲಿತ್ತು. ಸರದಿಯಿಲ್ಲದವರು ಏರಿಯ ಮಣ್ಣಲ್ಲಿ ಕಳ್ಳತೂತು ಕೊರೆದು ನೀರು ಎಳೆಯುತ್ತಿದ್ದರು. ಆ ತೂತನ್ನು ಹುಡುಕುತ್ತ ಮೈಲಿಗಟ್ಟಲೆ ಕೆಸರು ತುಳಿಯುವವರು ದಡ್ಡ ನೀರಗಂಟಿಗಳು. ಬೊಮ್ಮಣ್ಣ ಮೇಲಿನ ತೂಬನ್ನೇ ಮುಚ್ಚಿ, ಬೇವಿನ ಮರದಡಿ ಎಲೆಯಡಿಕೆ ಹಾಕಿಕೊಂಡು ಕೂಡುತ್ತಿದ್ದ. ಸರದಿ ಇಲ್ಲದಿದ್ದರೂ "ನೀರ್ಯಾಕ ನಿಂತ್ವು?" ಅಂತ ಯಾರು ಬಾಯಿ ಬಡಿದುಕೊಂಡು ಬರುತ್ತಾರೋ, ತೂತು ಅವರದು.

"ಸುಗ್ಗ್ಯಾಗ ಮಿಷನ್ ನಿಲ್ಲಿಸ್ತೀಯೇನು?" ಅಂದ ಅವನು. "ಇಷ್ಟು ಮಂದಿ ಕುಂತಾರ."

"ನಿಲ್ಲಿಸ್ದಿದ್ರ ಯುಗಾದಿಗೆ ಮಿಷನ್ನೇ ಇರಂಗಿಲ್ರಿ."

ಕಾದವರಿಗೆ ಹೇಳಿದ್ದಾಯಿತು. ಮೂವರು ಗೊಣಗುತ್ತ ಡಬ್ಬಿ ಎತ್ತಿಕೊಂಡು ಬೇರೆ ಮಿಷನ್ನಿಗೆ ಹೋದರು. ಉಚ್ಚಂಗಮ್ಮ ಅನ್ನುವ ಮುದುಕಿ ಮಾತ್ರ, "ನಂದು ಎಂಟು ಸೇರು ಇಲ್ಲೇ ಇರ್ಲಿ, ನಿನ್ನ ಎಳೀನೇ ಸಣ್ಣಗ ಬರಾದು," ಅಂದು ಡಬ್ಬಿ ಬಿಟ್ಟು ನಡೆದಳು. ಮೈಲಮ್ಮ ಅಚ್ಚಿನಲ್ಲಿ ಒಣಗುತ್ತಿದ್ದ ಹಿಟ್ಟನ್ನು ಕಡ್ಡಿಯಿಂದ ಒಂದೊಂದೇ ಕಣ್ಣಿಂದ ಕಿತ್ತಳು. ಸಂಜೆಯಾಯಿತು. ಮಹಡಿಯಲ್ಲಿ ದೀಪ ಉರಿಯಿತು, ಟೀವಿ ಮಾತಾಡಿತು. ಯಾರೂ ಬಾಯಿ ಬಡಿದುಕೊಂಡು ಬರಲಿಲ್ಲ. ಸೆಕೆಗೆ ಬೀಸಣಿಗೆ ಆಡಿಸುತ್ತ ಮೈಲಮ್ಮ, ಹೋದ ಮೂರು ಡಬ್ಬಿಗಳ ಲೆಕ್ಕ ಹಾಕಿ, ತಪ್ಪು ಮಾಡಿದೆನೇನೋ ಅಂದುಕೊಂಡೇ ಕಣ್ಣು ಮುಚ್ಚಿದಳು.

ಮಾರನೆಯ ಬೆಳಿಗ್ಗೆ ಏಳೂವರೆಗೆ ಮಹಡಿಯ ಬಚ್ಚಲಿನಿಂದ ಕೂಗು ಎದ್ದಿತು.

"ಸುಧಾ! ನೀರು ನಿಂತ್ವು! ಮೋಟರ್ ಹಾಕು!"

"ಹಾಕೇನ್ರಿ! ಏಳವಲ್ದು!" ಹೆಂಡತಿಯ ದನಿ. "ಗೀಸರೂ ಹತ್ತಿಲ್ಲ!"

"ಫ್ಯಾನ್ ತಿರುಗಾಕತ್ತೈತಲ್ಲೇ!"

"ಫ್ಯಾನ್ ತಿರುಗ್ತೈತಿ, ಮೋಟರ್ ಇಲ್ಲ! ನನ್ನೇನು ಕೇಳ್ತೀರಿ?"

ಕೆಳಗೆ ಬೊಮ್ಮಣ್ಣ ಎಲೆಯಡಿಕೆಯ ಚೀಲ ಬಿಚ್ಚಿದವನು ಹೆಂಡತಿಯ ಮುಖ ನೋಡಿದ. ಮೈಲಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಪಕ್ಕದ ಮನೆಗೆ ಕೂಗಿದಳು. "ಮುಸರತ್ತೂ, ಫೋನ್ ತಗಂಡು ಬಾರವ್ವ!"

ಅಷ್ಟರಲ್ಲಿ ವಿಜಯಕುಮಾರ್ ಟವೆಲು ಸುತ್ತಿಕೊಂಡು, ತಲೆ ತುಂಬ ಸೋಪಿನ ನೊರೆ ಹೊತ್ತು, ಒಂದು ಕಣ್ಣು ಮುಚ್ಚಿಕೊಂಡೇ ಮೆಟ್ಟಿಲಿಳಿದು ಬಂದ. ಡಬ್ಬಿ ತಂದ ನಾಲ್ಕು ಹೆಂಗಸರು ಬಾಯಿಗೆ ಸೆರಗು ಹಿಡಿದರು.

"ಏನ್ ಮಾಡೀರಿ ಕೆಳಗ? ಮೋಟರ್ ಯಾಕ ಏಳವಲ್ದು?"

"ನಾವೇನೂ ಮಾಡಿಲ್ಲ ಸರ್," ಅಂದಳು ಮೈಲಮ್ಮ. "ನಿನ್ನೆ ಹನ್ನೊಂದ್ರಿಂದ ಈ ಪೆಟ್ಟಿಗಿಗೆ ದುಡ್ಡು ಹಾಕಿಲ್ಲ, ಅಷ್ಟೇ. ಮುಸರತ್, ನೂರು ಹಾಕವ್ವ."

ಮುಸರತ್ ಬೆರಳು ಒತ್ತಿದಳು. ಪೆಟ್ಟಿಗೆ ಟಕ್ಕೆಂದಿತು. ಮಹಡಿಯ ಮೋಟರು ಗುರ್ರೆಂದು ಎದ್ದಿತು.

ಮೈಲಮ್ಮ ಒಳಗೆ ಹೋಗಿ ತನ್ನ ಮನೆಯ ಮೇನ್ ಸ್ವಿಚ್ಚನ್ನು ಕೆಳಗೆಳೆದು ಬಂದಳು. ಅವಳ ಮನೆಯ ಫ್ಯಾನು ನಿಂತಿತು. ಮೋಟರು ನಿಲ್ಲಲಿಲ್ಲ. ಕರೆಂಟು ಹರಿದರೆ ಮಾತ್ರ ಬಡಿಯುವ ಪೆಟ್ಟಿಗೆಯ ಕೆಂಪು ದೀಪ ಮಿಣಮಿಣ ಬಡಿಯುತ್ತಲೇ ಇತ್ತು.

"ಈಗ ಯಾವ ಮಿಷನ್ ತಿನ್ನಾಕತ್ತೈತೆ ನೋಡ್ರಿ ಸರ್."

ವಿಜಯಕುಮಾರ್ ಕೆಂಪು ದೀಪ ನೋಡಿದ, ಮಹಡಿ ನೋಡಿದ. ನೊರೆ ಕಿವಿಯಿಂದ ಹೆಗಲಿಗೆ ಇಳಿಯುತ್ತಿತ್ತು.

"ಮೊದ್ಲು ತಲಿ ತೊಳ್ಕಂಡು ಬರ್ರಿ," ಅಂದಳು ಮುಸರತ್. "ನೀರು ಬಂದಾವು. ಮೈಲಕ್ಕನ ದುಡ್ಡಿನ ನೀರು."

ಹೆಂಗಸರ ನಗೆ ಕಾಂಪೌಂಡು ದಾಟಿ ರಸ್ತೆಗೆ ಹೋಯಿತು.

ಒಂಬತ್ತಕ್ಕೆ ವೈರಿಂಗಿನ ಕೊಟ್ಟೂರೇಶ್ ಬಂದು ಪೆಟ್ಟಿಗೆ ಬಿಚ್ಚಿದ. ಅದರ ಹಿಂದಿನಿಂದ ದಪ್ಪ ವೈರೊಂದು ಗೋಡೆ ಹಿಡಿದು ಸೀದಾ ಮಹಡಿಗೆ ಹೋಗಿತ್ತು. ಹೋದ ವರ್ಷ ಮೋಟರು, ಗೀಸರು ಕೂಡಿಸಿದವನು ಅವನೇ. "ಆಗ ಕೆಳಗ ಯಾರೂ ಇರ್ಲಿಲ್ರಿ ಸರ್, ಈ ಪೆಟ್ಟಿಗೀನೂ ಇರ್ಲಿಲ್ಲ. ಹತ್ರ ಐತಂತ ಇಲ್ಲಿಂದನೇ ಎಳ್ದೆ. ಆಮೇಲೆ ಮರ್ತೆ," ಅಂದು ತಲೆ ಕೆರೆದುಕೊಂಡ.

"ನಾನು ಬೇಕಂತ ಮಾಡಿದ್ದಲ್ಲಮ್ಮಾ," ಅಂದ ವಿಜಯಕುಮಾರ್. ಈಗ ಅವನು ಮೆಟ್ಟಿಲ ಮೇಲೆ ಇರಲಿಲ್ಲ, ಅಂಗಳದಲ್ಲಿದ್ದ.

"ಗೊತ್ತೈತೆ ಸರ್. ಆದ್ರ ನೀರು ಕುಡ್ದಿದ್ದು ನಿಮ್ಮ ಗದ್ದೀನೇ." ಮೈಲಮ್ಮ ದನಿ ಏರಿಸಲಿಲ್ಲ. "ನನಗ ಈ ಪೆಟ್ಟಿಗಿ ಬ್ಯಾಡ. ಮಿಷನ್ನಿಗೆ ಅಂತ ಬ್ಯಾರೆ ಮೀಟರು, ನನ್ನ ಹೆಸರಿಗೆ, ಕರೆಂಟ್ ಆಫೀಸಿಂದಾನೇ ಆಗ್ಬೇಕು. ತಿಂಗಳಿಗೆ ಬಿಲ್ಲು ಬರ್ಲಿ, ನಾ ಕಟ್ತೀನಿ. ನಿಮ್ಮ ಒಪ್ಪಿಗಿ ಸಹಿ ಬೇಕು. ಮಿಷನ್ ಎಲ್ಲಿಗೂ ಹೋಗಂಗಿಲ್ಲ."

ಅವನು ಬೊಮ್ಮಣ್ಣನ ಕಡೆ ನೋಡಿದ. ಬೊಮ್ಮಣ್ಣ ಅಡಿಕೆ ಕತ್ತರಿಸುತ್ತಿದ್ದ. ಸಹಿ ಅದೇ ದಿನ ಬಿತ್ತು.

ಮಹಡಿಯ ವೈರು ಕತ್ತರಿಸಿದ ಮೇಲೆ ಹಾಕಿದ ಐನೂರು, ಬಿಡುವಿಲ್ಲದೆ ಮಿಷನ್ನು ಓಡಿದರೂ ಒಂಬತ್ತು ದಿನ ಬಂತು. ಹತ್ತನೆಯ ದಿನ, ಯುಗಾದಿಗೆ ಇನ್ನೆರಡು ದಿನ ಅನ್ನುವಾಗ, ಲೈನ್‌ಮನ್ ಬಂದು ಪೆಟ್ಟಿಗೆ ಕಿತ್ತು ಹೊಸ ಮೀಟರು ಕೂಡಿಸಿದ. ಸಾಲು ಸೊನ್ನೆಗಳ ಆ ಗಾಜಿಗೆ ಮೈಲಮ್ಮ ಅರಿಶಿನ ಕುಂಕುಮ ಹಚ್ಚಿ ಸ್ವಿಚ್ಚು ಒತ್ತಿದಳು. ಮೊದಲ ಸರದಿ ಉಚ್ಚಂಗಮ್ಮ ಮತ್ತೆ ತಂದ ಡಬ್ಬಿಯದು, ಎರಡನೆಯದು ಮುಸರತ್‌ಳ ಹಬ್ಬದ್ದು. ಡಬ್ಬಿ ಎತ್ತಿಕೊಂಡು ಹೋಗಿದ್ದ ಮೂವರಲ್ಲಿ ಇಬ್ಬರು ಏನೂ ಆಗದವರಂತೆ ಬಂದು ಸಾಲಿನಲ್ಲಿ ಕೂತಿದ್ದರು. "ಬರ್ರಿ, ಕೂಡ್ರಿ," ಅಂದಳು ಮೈಲಮ್ಮ. "ಅಲ್ಲಿ ಎಳಿ ದಪ್ಪ ಬಂದ್ವೇನು?"

ಮಧ್ಯಾಹ್ನ ವಿಜಯಕುಮಾರ್ ಇಳಿದು ಬಂದ. ಸಂಕ್ರಾಂತಿಯಿಂದ ಮಹಡಿಗೆ ಹರಿದ ಕರೆಂಟಿನ ಲೆಕ್ಕ ಕೊಟ್ಟೂರೇಶನೇ ಹಾಕಿಕೊಟ್ಟಿದ್ದ: ಮೂರು ಸಾವಿರ. ಎರಡು ಸಾವಿರ ಎಣಿಸಿಕೊಟ್ಟು, "ಉಳಿದ ಸಾವಿರ ಒಂದನೇ ತಾರೀಖಿಗೆ ಕೊಡ್ತೀನಿ ಮೈಲಮ್ಮಾರೆ. ಇಲ್ಲಾಂದ್ರೆ ಬಾಡಿಗ್ಯಾಗ ಹಿಡ್ಕೊಳ್ರಿ," ಅಂದ. ಅಮ್ಮ ಹೋಗಿ 'ಅಮ್ಮಾರೆ' ಬಂದದ್ದನ್ನು ಅಂಗಳವೆಲ್ಲ ಕೇಳಿಸಿಕೊಂಡಿತು.

"ಬಾಡಿಗಿ ಬಾಡಿಗೀನೇ ಸರ್, ಅದು ಪೂರಾ ಕೊಡ್ತೀನಿ. ಆ ಸಾವಿರಕ್ಕ ಅವಸರಿಲ್ಲ."

ಅವನು ಮೇಲೆ ಹೋದ ಮೇಲೆ ಬೊಮ್ಮಣ್ಣ ಪಿಸುಗುಟ್ಟಿದ. "ಹಿಡ್ಕೊಳ್ರಿ ಅಂದ್ನಲ್ಲೇ. ಯಾಕ ಬಿಟ್ಟಿ?"

"ಮಿಷನ್ ತೆಗಿ ಅನ್ನಾಕ ಬಂದ್ರ ಮೊದ್ಲು ಸಾವಿರ ತರ್ಬೇಕಲ್ರಿ," ಅಂದಳು ಮೈಲಮ್ಮ, ಇನ್ನೊಂದು ಉಂಡೆ ಹಿಟ್ಟು ಒತ್ತುತ್ತ. "ಇರ್ಲಿ ಬಿಡ್ರಿ, ಬಾಕಿ. ಎಳಿ ಉದ್ದ ಆಗಾಕತ್ತಾವು, ಕತ್ತರಿಸ್ರಿ."