ಲಿಫ್ಟಣ್ಣನ ಉತ್ತರ

ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಹರಿದ ಹಾಸುಹೊದಿಕೆ ಹೊಲಿಯುತ್ತಿದ್ದ ಟೈಲರಕ್ಕ ನಲವತ್ತಾರನೇ ವಯಸ್ಸಿಗೆ ಇಂಗ್ಲಿಷ್ ಕ್ಲಾಸಿಗೆ ಸೇರಿದಳು. ಸಿಬ್ಬಂದಿಗೆಂದೇ ಶನಿವಾರ ಮಧ್ಯಾಹ್ನ ನಡೆಯುವ ಕ್ಲಾಸು. ಎ, ಆ್ಯನ್, ದಿ ತುಂಬುವ ವ್ಯಾಕರಣದಲ್ಲಿ ಅವಳದು ಎತ್ತಿದ ಕೈ. ಮುತ್ತು ಪೋಣಿಸಿದಂಥ ಅಕ್ಷರ ಬೇರೆ. "ಎಲ್ಲರೂ ಇವರನ್ನ ನೋಡಿ ಕಲೀರಿ" ಎಂದು ಟೀಚರು ಹೇಳಿದಾಗಿನಿಂದ ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಆದರೆ ಪರೀಕ್ಷೆಯ ದಿನ ಒಂದು ಪುಟದ ಕಥೆ ಕೊಟ್ಟು, ಓದಿ ಉತ್ತರ ಬರೆಯಿರಿ ಎಂದಾಗ ಅವಳಿಗೆ ಕಣ್ಣು ಕತ್ತಲೆ ಬಂತು. ಬಿಡಿ ಪದಗಳು ಗೊತ್ತು. ಕೂಡಿಸಿ ಓದಿದರೆ ತಲೆಬುಡ ತಿಳಿಯದು. ಪಕ್ಕದಲ್ಲಿ ಲಿಫ್ಟ್ ನಡೆಸುವ ಮುದುಕ, ಎಲ್ಲರ ಬಾಯಲ್ಲಿ ಲಿಫ್ಟಣ್ಣ, ತುಟಿ ಅಲ್ಲಾಡಿಸಿಕೊಂಡು ಓದಿ ಓದಿ ಬರೆಯುತ್ತಿದ್ದ. ಅವಳು ಓರೆಗಣ್ಣಲ್ಲಿ ನೋಡಿ ನಾಲ್ಕೂ ಉತ್ತರ ಇಳಿಸಿಕೊಂಡಳು.

ಮರುವಾರ ಟೀಚರು ಎರಡು ಹಾಳೆ ಎತ್ತಿ ಹಿಡಿದರು. "ಹುಡುಗಿ ಕಾಗದ ಬಚ್ಚಿಟ್ಟಳು ಅನ್ನೋಕೆ 'ಹಿಡ್' ಅನ್ನಬೇಕು. ಇಬ್ಬರೂ 'ಹೈಡೆಡ್' ಅಂತ ಬರೆದಿದ್ದೀರಿ. ಒಂದೇ ತಪ್ಪು, ಒಂದೇ ಬೆಂಚು!" ಆಮೇಲೆ ಲಿಫ್ಟಣ್ಣನ ಕಡೆ ತಿರುಗಿ, "ಈ ವಯಸ್ಸಲ್ಲಿ ಕಾಪಿ ಹೊಡೆಯೋದಾ ಯಜಮಾನ್ರೇ?" ಎಂದರು.

ಕ್ಲಾಸು ಗೊಳ್ಳೆಂದಿತು. ಟೈಲರಕ್ಕ ನೋಟ್‌ಬುಕ್ಕಿನ ಹಾಳೆ ತಿರುವತೊಡಗಿದಳು. ಲಿಫ್ಟಣ್ಣ ಅವಳತ್ತ ಒಮ್ಮೆ ನೋಡಿದ. "ತಪ್ಪಾಯ್ತು ಮೇಡಂ" ಎಂದು ತಲೆ ತಗ್ಗಿಸಿದ.

ಮುಂದಿನ ಶನಿವಾರ ಅವನು ಬರಲಿಲ್ಲ. ಅವಳೋ ಲಿಫ್ಟಿನ ಹತ್ತಿರವೂ ಸುಳಿಯದೆ, ಬಟ್ಟೆಯ ಗಂಟು ಹೊತ್ತು ನಾಲ್ಕು ಮಹಡಿ ಹತ್ತತೊಡಗಿದಳು. ಮಂಡಿ ನೋವನ್ನಾದರೂ ತಡೆಯಬಹುದಿತ್ತು, ಕ್ಲಾಸಿನಲ್ಲಿ ಅವನು ನೋಡಿದ ಆ ನೋಟವನ್ನು ತಡೆಯಲಾಗಲಿಲ್ಲ. ಹತ್ತನೇ ದಿನ ಲಿಫ್ಟಿನೊಳಗೆ ಕಾಲಿಟ್ಟಳು.

"ಅಣ್ಣಾ, ಅವತ್ತು ನಾನು..."

"ಗೊತ್ತಮ್ಮ. ಒದ್ದಾಡ್ತಿದ್ದೀಯಲ್ಲ ಅಂತ ಹಾಳೆ ನಿನ್ನ ಕಡೆ ಸರಿಸಿದ್ದೇ ನಾನು."

"ಮತ್ತೆ ಟೀಚರಿಗೆ ಯಾಕೆ ಹೇಳಲಿಲ್ಲ?"

"ನೀನೇ ಹೇಳ್ತೀಯ ಅಂತ ಕಾದೆ" ಎಂದು ಅವನು ಗುಂಡಿ ಒತ್ತಿದ.

ಆ ಶನಿವಾರ ಕ್ಲಾಸು ಶುರುವಾಗುವ ಮೊದಲೇ ಅವಳು ಎದ್ದು ನಿಂತಳು. "ಕಾಪಿ ಹೊಡೆದವಳು ನಾನು ಮೇಡಂ. ಅಣ್ಣ ಅಲ್ಲ." ಯಾರೂ ನಗಲಿಲ್ಲ. ನಕ್ಕಿದ್ದರೇ ವಾಸಿಯಿತ್ತು. ಟೀಚರು ಮುಖ ಪೆಚ್ಚಗೆ ಮಾಡಿಕೊಂಡು ಕೆಳಗೆ ಲಿಫ್ಟಿನ ಬಳಿಗೆ ಇಳಿದು ಹೋಗಿ, ಕ್ಷಮೆ ಕೇಳಿ, ಲಿಫ್ಟಣ್ಣನನ್ನು ಜೊತೆಯಲ್ಲೇ ಕರೆತಂದರು.

ಅವಳು ಬ್ಯಾಗು ಎತ್ತಿ ಜಾಗ ಮಾಡಿದಳು. ಅವನು ಅವಳಿಗೆ ನಮಸ್ಕಾರ ಹೇಳಿ, ಮುಂದಿನ ಬೆಂಚಿಗೆ ಹೋಗಿ ಕೂತ. ಟೀಚರು ಹೊಸ ಕಥೆ ಹಂಚಿದರು. ಟೈಲರಕ್ಕ ಕತ್ತೆತ್ತದೆ ಓದಿ ಎರಡು ಉತ್ತರ ಬರೆದಳು. ಇನ್ನೆರಡನ್ನು ಖಾಲಿ ಬಿಟ್ಟಳು.