ನಾಲಗೆಗೆ ಹತ್ತದ ಉಪ್ಪು

ನಾನು ನೀರನ್ನು ಮೆದು ಮಾಡುವ ಒಂದು ಯಂತ್ರ. ಅಂಗಡಿಯವರು ಸಾಫ್ಟ್‌ನರ್ ಎನ್ನುತ್ತಾರೆ. ಎದೆಮಟ್ಟದ ನೀಲಿ ಮೈ, ನೆತ್ತಿಯ ಮೇಲೆ ತಿರುಗಿಸುವ ಕರಿ ಹಿಡಿಕೆ, ಪಕ್ಕದಲ್ಲಿ ಉಪ್ಪಿನ ಡಬ್ಬ. ಹೊಟ್ಟೆಯೊಳಗೆ ಜೇನುಬಣ್ಣದ ಮಣಿಗಳಿವೆ, ಸಾಸಿವೆಗಿಂತ ಸಣ್ಣವು.

ಹುಟ್ಟಿದ್ದು ಹುಬ್ಬಳ್ಳಿಯ ಒಂದು ಶೆಡ್ಡಿನಲ್ಲಿ. ಮಣಿಗಳನ್ನು ಕೊಳವೆಯಿಂದ ನನ್ನೊಳಗೆ ಸುರಿದವರು ಮೌಲಾಸಾಬರು. ಸುರಿಯುತ್ತಲೇ ಪಕ್ಕದ ವೆಲ್ಡರನಿಗೆ ನನ್ನ ಕೆಲಸ ಹೇಳಿದರು.

"ಬೋರಿನ ನೀರಿನ್ಯಾಗ ಸುಣ್ಣ ಇರ್ತೈತಲ್ಲ, ಅದನ್ನ ಈ ಮಣಿ ಹಿಡ್ಕೋತಾವ. ಪುಕಸೆಟ್ಟೆ ಹಿಡ್ಕೊಳ್ಳಂಗಿಲ್ಲ ಮತ್ತ. ತಮ್ಮ ಕಡೆ ಇದ್ದ ಸೋಡಿಯಂ ನೀರಿಗೆ ಕೊಡ್ತಾವ. ಅದು ತೀರಿತಂದ್ರ ಉಪ್ಪುನೀರು ಕುಡಿಸಬೇಕು, ಮತ್ತ ಹೊಸಾವಾಗ್ತಾವ."

"ಹಂಗಾರ ನೀರು ಉಪ್ಪಾಗ್ತೈತೇನ್ರಿ ಚಾಚಾ?"

"ಇಲ್ಲೋ. ನಾಲಗಿಗೆ ಹತ್ತಂಗಿಲ್ಲ."

ಲೋಕದಲ್ಲಿ ನಾನು ಕೇಳಿದ ಮೊದಲ ಮಾತು ಅದು. ಅದಕ್ಕೇ ಮರೆತಿಲ್ಲ.

ಮೌಲಾಸಾಬರೇ ನನ್ನನ್ನು ಗದಗಿಗೆ ತಂದರು. ಊರ ಹೊರಗಿನ ಹೊಸ ಬಡಾವಣೆ. ನಗರಸಭೆಯ ನೀರು ಅಲ್ಲಿಗೆ ಬಂದಿರಲಿಲ್ಲ. ಬೋರಿನ ನೀರಿಗೆ ನಳ ಬೆಳ್ಳಗಾಗುತ್ತಿತ್ತು, ಬಕೆಟ್ಟಿನ ಅಂಚು ಬೆಳ್ಳಗಾಗುತ್ತಿತ್ತು, ಸೋಪು ನೊರೆ ಬಿಡುತ್ತಿರಲಿಲ್ಲ. ಏಳು ಸೀಟಿ ಹೊಡೆಸಿದರೂ ತೊಗರಿಬೇಳೆ ಕಾಳುಕಾಳಾಗಿಯೇ ಉಳಿಯುತ್ತಿತ್ತು. ಮನೆಯಲ್ಲಿದ್ದವರು ಇಬ್ಬರೇ. ಮಹಾಲಿಂಗ ಪ್ರೆಸ್ಸಿನಲ್ಲಿ ಮುದ್ರಣದ ಕೆಲಸ ಮಾಡುತ್ತಿದ್ದ. ಅವನ ಹೆಂಡತಿ ನೀಲಗಂಗಾ ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದಳು.

ನನ್ನನ್ನು ಮೆಟ್ಟಿಲ ಕೆಳಗೆ ನಿಲ್ಲಿಸಿದರು. ಬಚ್ಚಲಿಗೆ, ಬಟ್ಟೆ ಒಗೆಯುವ ಮಷಿನ್ನಿಗೆ ನನ್ನಿಂದ ಪೈಪು ಹೋಯಿತು. ಅಡುಗೆಮನೆಯ ನಳವನ್ನು ಮಾತ್ರ ಮೌಲಾಸಾಬರು ಹಾಗೇ ಬಿಟ್ಟರು.

"ಅದು ಬೋರಿಂದೇ ಇರ್ಲಿ. ಮುಟ್ಟಬ್ಯಾಡ್ರಿ."

"ಯಾಕ್ರೀ?" ಎಂದಳು ನೀಲಗಂಗಾ.

"ನಾವು ಎಲ್ಲಾರ ಮನ್ಯಾಗೂ ಹಂಗ ಬಿಡ್ತೀವ್ರಿ ಅಕ್ಕಾರ." ಅಷ್ಟೇ ಹೇಳಿ ಚಹಾ ಕುಡಿದು ಹೊರಟರು. ವೆಲ್ಡರನಿಗೆ ಹೇಳಿದ್ದರಲ್ಲಿ ಅರ್ಧ ಹೇಳಿದ್ದರೂ ಸಾಕಿತ್ತು.

ಮೆಟ್ಟಿಲ ಕೆಳಗೆ ನಿಂತವನಿಗೆ ಜನ ಕಾಣುವುದು ಪಾದದಿಂದ. ಮಾತು ಪೈಪಿನೊಳಗಿಂದ ಬರುತ್ತದೆ. ಎಂಟು ದಿನಕ್ಕೊಮ್ಮೆ ಮಹಾಲಿಂಗ ಬಂದು, ಮಸಿ ಹತ್ತಿದ ಬೆರಳಿನಿಂದ ಹಿಡಿಕೆ ತಿರುಗಿಸಿ, ಡಬ್ಬಕ್ಕೆ ಉಪ್ಪು ಸುರಿಯುತ್ತಿದ್ದ. ಆ ಮನೆಯಲ್ಲಿ ನನ್ನೊಡನೆ ಮಾತಾಡಿದವನು ಅವನೊಬ್ಬನೇ.

ಎರಡನೆಯ ವರ್ಷ ಅವನ ಹೃದಯ ದುರ್ಬಲವಾಯಿತು, ಡಾಕ್ಟರು ಉಪ್ಪು ಕಡಿಮೆ ಮಾಡಿಸಿದರು. ವಯಸ್ಸು ಮೂವತ್ತೇಳು. ಆಸ್ಪತ್ರೆಯಿಂದ ಬಂದವನು ನನ್ನ ಮುಂದೆ ಸ್ಟೂಲು ಹಾಕಿಕೊಂಡು ಕೂತು ಉಪ್ಪು ಸುರಿದ. "ಉಣ್ಣಪ, ನೀನರ ಉಣ್ಣು. ನನಗಂತೂ ನಿಮ್ಮಕ್ಕ ಬಂದ್ ಮಾಡ್ಯಾಳ."

ಬಂದ್ ಮಾಡಿದ್ದು ನಿಜ. ದಿನದ ಉಪ್ಪನ್ನು ನೀಲಗಂಗಾ ಬೆಳಿಗ್ಗೆಯೇ ಸಣ್ಣ ತಕ್ಕಡಿಯಲ್ಲಿ ತೂಗಿ ಬಟ್ಟಲಲ್ಲಿಡುತ್ತಿದ್ದಳು. ಅದು ಎರಡು ಗ್ರಾಂ. ಬಟ್ಟಲು ಬರಿದಾದರೆ ಆ ದಿನದ ಉಪ್ಪು ಮುಗಿಯಿತು.

ಕುಡಿಯುವ ನೀರು ಬರುತ್ತಿದ್ದುದು ಬಡಾವಣೆಯ ತಿರುವಿನಲ್ಲಿದ್ದ ಶುದ್ಧ ನೀರಿನ ಘಟಕದಿಂದ. ಇಪ್ಪತ್ತು ಲೀಟರಿನ ಕ್ಯಾನು. ಮೊದಲು ಅವನು ಹೊರುತ್ತಿದ್ದ. ಈಗ ಅವಳು ಸ್ಕೂಟಿಯಲ್ಲಿ ತಂದು ಗೇಟಿನಿಂದ ಹೊತ್ತು ಒಳಗೆ ಬರುತ್ತಿದ್ದಳು. ಅವಳ ಪಾದ ನನ್ನ ಮುಂದೆ ಒಮ್ಮೆ ನಿಂತು, ಉಸಿರು ತೆಗೆದುಕೊಂಡು, ಮುಂದೆ ಹೋಗುತ್ತಿತ್ತು. ಅವನು ಬಾಗಿಲಲ್ಲಿ ನಿಂತು ನೋಡುತ್ತಿದ್ದ.

ಒಂದು ಭಾನುವಾರ ಅವನು ಗರಗಸದ ಬ್ಲೇಡು, ಒಂದು ತುಂಡು ಪೈಪು, ಅಂಟಿನ ಡಬ್ಬಿ ಹಿಡಿದು ಬಂದ.

"ಏನ್ ಮಾಡಾಕತ್ತೀರಿ?" ಅವಳು ಒಳಗಿಂದ ಕೂಗಿದಳು.

"ಅಡಗಿಮನಿಗೂ ಇದರದ್ದ ನೀರು. ನಾಳಿಂದ ಕ್ಯಾನ್ ಬ್ಯಾಡ."

"ಮೌಲಾಸಾಬ್ರು ಮುಟ್ಟಬ್ಯಾಡ್ರಿ ಅಂದಿದ್ರಲ್ಲ?"

"ಯಾಕಂತ ಹೇಳ್ಯಾರೇನು?"

ಅವಳು ಲೋಟ ತಂದಳು. ನನ್ನ ನೀರನ್ನು ಹಿಡಿದು, ಬೆಳಕಿಗೆ ಎತ್ತಿ ನೋಡಿ, ಕುಡಿದಳು. "ಛೊಲೋ ಐತಿ. ನಿಮ್ಮ ಬ್ಯಾಳಿಯರ ಬೇಯ್ತೈತಿ."

ನಾನು ನನ್ನಲ್ಲಿದ್ದ ಒಂದೇ ಸದ್ದು ಮಾಡಿದೆ. ಹಿಡಿಕೆಯ ಕೆಳಗೆ ಟಿಕ್ ಎಂದಿತು. "ನೋಡು, ಒಪ್ಪಿಗಿ ಕೊಡ್ತು" ಎಂದು ಅವನು ನಕ್ಕ.

ಆ ಮಧ್ಯಾಹ್ನ ಪೈಪಿನೊಳಗಿಂದ ಅವನ ದನಿ ಕೇಳಿತು. "ಬ್ಯಾಳಿ ಬೆಣ್ಣಿ ಆಗೇತಿ ನೋಡs. ಉಪ್ಪಿನ ನೆನಪs ಆಗವಲ್ದು."

ಒಂದು ತಿಂಗಳಲ್ಲಿ ಅವನ ಪಾದ ಬದಲಾಯಿತು. ಚಪ್ಪಲಿಯ ಪಟ್ಟಿ ಕೂಡಲಿಲ್ಲ. ಕಣಕಾಲಿನ ಗೆಣ್ಣು ಮರೆಯಾಯಿತು. ನಾಲ್ಕು ಮೆಟ್ಟಿಲು ಹತ್ತಿ ನಿಲ್ಲುತ್ತಿದ್ದ. ಡಾಕ್ಟರು ಮಾತ್ರೆ ಹೆಚ್ಚಿಸಿದರು, ಎಲ್ಲಿಂದಲೋ ಮೈಗೆ ಉಪ್ಪು ಸೇರುತ್ತಿದೆ ಎಂದರು. ಅವಳು ಬಟ್ಟಲನ್ನು ಒಂದೂವರೆ ಗ್ರಾಮಿಗೆ ಇಳಿಸಿದಳು. ಆಮೇಲೆ ಅವನನ್ನೇ ಹಿಡಿದಳು.

"ಖರೇ ಹೇಳ್ರಿ. ಪ್ರೆಸ್ಸಿನ್ಯಾಗ ಮಿರ್ಚಿಭಜಿ ತಿಂತೀರಿಲ್ಲೋ?"

"ನಿನ್ನಾಣಿ ಇಲ್ಲ."

"ನನ್ನಾಣಿ ಮಾಡಿ ಸುಳ್ಳು ಹೇಳಬ್ಯಾಡ್ರಿ."

ಅವಳು ಅವನ ಅಂಗಿಯ ಕಿಸೆ ಮೂಸುತ್ತಿದ್ದಳು. ಅವನು ಮಾತು ಕಡಿಮೆ ಮಾಡಿದ. ನನ್ನ ಬಳಿ ಬಂದಾಗಲೂ ಸುಮ್ಮನೆ ಉಪ್ಪು ಸುರಿದು ಹೋಗುತ್ತಿದ್ದ. ಹೀಗೆ ನಾಲ್ಕು ತಿಂಗಳು. ಇಬ್ಬರ ನಡುವೆ ಇಲ್ಲದ ಭಜಿಯೊಂದು ಕೂತಿತ್ತು. ನಾನು ದಿನವೂ ಬಚ್ಚಲಿಗೂ ಅಡುಗೆಮನೆಗೂ ನನ್ನ ಕೆಲಸ ಮಾಡುತ್ತಲೇ ಇದ್ದೆ.

ಒಂದು ದಿನ ಮಟಮಟ ಮಧ್ಯಾಹ್ನ ಅವಳು ಬಂದಳು. ಆ ಹೊತ್ತಿಗೆ ಎಂದೂ ಬರುತ್ತಿರಲಿಲ್ಲ. ಚಪ್ಪಲಿ ಬಿಡದೆ ನನ್ನ ಮುಂದೆ ನೆಲದ ಮೇಲೆ ಕೂತಳು. ಬೆರಳ ತುಂಬ ಸೀಮೆಸುಣ್ಣ. ಚೀಲದಿಂದ ಒಂದು ತುಂಡು ತೆಗೆದು ನನ್ನ ಹೊಟ್ಟೆಯ ಮೇಲೆಯೇ ಲೆಕ್ಕ ಹಾಕಿದಳು. ಈ ಬೋರಿನ ಗಡಸುತನ ಇಷ್ಟು, ಲೀಟರಿಗೆ ಸೋಡಿಯಂ ಇಷ್ಟು, ಕುಡಿಯುವುದು ಮತ್ತು ಅಡುಗೆ ಸೇರಿ ದಿನಕ್ಕೆ ಎರಡು ಲೀಟರು. ಕೊನೆಯ ಸಾಲಿನ ಕೆಳಗೆ ಗೆರೆ ಎಳೆದಳು. ಅದು ಹೆಚ್ಚುಕಡಿಮೆ ಒಂದೂವರೆ ಗ್ರಾಂ ಉಪ್ಪಿನಲ್ಲಿರುವಷ್ಟು ಸೋಡಿಯಂ. ಅಂದರೆ ಇನ್ನೊಂದು ಬಟ್ಟಲು.

ಮಹಾಲಿಂಗ ಗೋಡೆ ಹಿಡಿದು ಬಂದ. "ಕಾಲೇಜ್ ಬಿಟ್ಟು ಬಂದೇನು?"

"ಬೋರ್ಡ್ ಮ್ಯಾಲ ಸಮೀಕರಣ ಬರಿಯಾಕತ್ತಿದ್ದೆ. ಸುಣ್ಣ ಹೋಗ್ತೈತಿ, ಸೋಡಿಯಂ ಬರ್ತೈತಿ. ಎಂಟು ವರ್ಷ ಇದನ್ನs ಬರದೀನಿ. ಮನ್ಯಾಗಿನ ನಳದಾಗ ಕಾಣಲಿಲ್ಲ ನನಗ. ರುಚಿ ನೋಡ್ದೆ ನಾನು. ರುಚಿ ನೋಡ್ದೆ."

ಅವನು ಸ್ಟೂಲಿನ ಮೇಲೆ ಕೂತ. "ಜೋಡಿಸಿದಾಂವ ನಾನು, ಮಾರಾಯ್ತಿ."

"ಕೆಟ್ಟ ನೀರಂತೂ ಅಲ್ಲ ಇದು. ನಾನೂ ಕುಡದೀನಿ, ನನಗೇನೂ ಆಗಿಲ್ಲ. ಉಪ್ಪು ಬಿಟ್ಟವರಿಗೆ ಬ್ಯಾಡಾಗಿತ್ತು. ನಿಮಗ ಬ್ಯಾಡಾಗಿತ್ತು."

"ಹಂಗಾರ ಭಜಿ ಕೇಸಿನ್ಯಾಗ ನಾನು ಬಿಡುಗಡಿ?"

ಅವಳು ಅವನ ಊದಿದ ಪಾದದ ಮೇಲೆ ಹಣೆಯಿಟ್ಟಳು. ಅವನು ಅವಳ ತಲೆಯ ಮೇಲೆ ಕೈಯಿಟ್ಟ. ಆಮೇಲೆ ಅವಳು ಎದ್ದು, ನೀರು ನನ್ನನ್ನು ದಾಟಿ ನೇರವಾಗಿ ಹೋಗುವ ಹಾಗೆ ನನ್ನ ಹಿಡಿಕೆಯನ್ನು ತಿರುಗಿಸಿದಳು.

ಮತ್ತೆ ಕ್ಯಾನು ಬಂತು. ಪಾದದ ಊತ ಇಳಿಯಿತು. ಮಹಾಲಿಂಗ ಚಪ್ಪಲಿ ಹಾಕಿಕೊಂಡು ಗೇಟಿನವರೆಗೆ ಹೋಗಿ ಬರುತ್ತಿದ್ದ. ಬರುವಾಗ ನನ್ನ ನೆತ್ತಿ ತಟ್ಟಿ "ನಿನಗೂ ಉಪ್ಪು ಬಂದ್ ಆತಲ್ಲೋ" ಎನ್ನುತ್ತಿದ್ದ. ಎರಡು ತಿಂಗಳು ಹಾಗೆ ನಡೆದ. ಯುಗಾದಿ ಕಳೆದ ವಾರ ಒಂದು ಬೆಳಿಗ್ಗೆ ಬಹಳ ಪಾದಗಳು ಒಳಗೆ ಬಂದವು, ಬಹಳ ಪಾದಗಳು ಹೊರಗೆ ಹೋದವು. ಅವನವು ಆಮೇಲೆ ಬರಲಿಲ್ಲ.

ಹದಿನೈದು ದಿನ ಕಳೆದು, ಮೆಟ್ಟಿಲ ಮೇಲೆ ಅವಳ ಅಕ್ಕ ಅವಳೊಡನೆ ಕೂತಿದ್ದಳು.

"ಡಾಕ್ಟ್ರು ಏನಂದ್ರು? ಹೃದಯದ ತಾಕತ್ತs ಅಷ್ಟಿತ್ತು ಅಂದ್ರಲ್ಲ? ನೀರಿಂದ ಅಂತ ಅಂದಿಲ್ಲಲ್ಲ?"

"ಅಂದಿಲ್ಲ. ನೀರಿಂದು ಎಷ್ಟು ಪಾಲು ಅಂತ ಕೇಳ್ದೆ. ಅದನ್ನೂ ಅವರು ಹೇಳ್ಲಿಲ್ಲ."

ನನಗೂ ಅದು ಗೊತ್ತಿಲ್ಲ. ನಾನು ಎಷ್ಟು ಸುಣ್ಣ ಹಿಡಿದೆನೋ ಅಷ್ಟಕ್ಕೆ ಸರಿಯಾಗಿ ಕೊಟ್ಟೆ. ಉಳಿದ ಲೆಕ್ಕ ನನ್ನ ಮಣಿಗಳಲ್ಲಿಲ್ಲ.

ಎರಡು ವರ್ಷ ನಾನು ಕೆಲಸವಿಲ್ಲದೆ ನಿಂತೆ. ಒಳಗಿನ ನೀರು ಅಲುಗಲಿಲ್ಲ. ಡಬ್ಬದ ಉಪ್ಪು ಗಡ್ಡೆ ಕಟ್ಟಿತು. ಹೊಟ್ಟೆಯ ಮೇಲಿನ ಸೀಮೆಸುಣ್ಣದ ಲೆಕ್ಕ ಎರಡು ಮಳೆಗಾಲದ ತೇವಕ್ಕೆ ಅಳಿಸಿತು. ಅವಳು ಅದನ್ನು ತಾನಾಗಿ ಒರೆಸಲಿಲ್ಲ. ನಳಗಳು ಮತ್ತೆ ಬೆಳ್ಳಗಾದವು. ಪೈಪಿನಲ್ಲಿ ಒಂದು ತಟ್ಟೆ, ಒಂದು ಲೋಟ ತೊಳೆಯುವ ಸದ್ದು ಬರುತ್ತಿತ್ತು. ಬೇಳೆಯ ಸೀಟಿ ಕೇಳಲೇ ಇಲ್ಲ.

ಕೊನೆಗೆ ಬೆಟಗೇರಿಯಿಂದ ನೂಲಿಗೆ ಬಣ್ಣ ಹಾಕುವ ತಿಪ್ಪಣ್ಣ ಬಂದ. ಗಡಸು ನೀರಿಗೆ ಬಣ್ಣ ಕಲೆಕಲೆಯಾಗಿ ಹಿಡಿಯುತ್ತದೆ, ಅವನಿಗೆ ನನ್ನಂಥದೇ ಬೇಕಾಗಿತ್ತು. ನನ್ನನ್ನು ಗಾಡಿಗೆ ಏರಿಸುವ ಮುನ್ನ ನೀಲಗಂಗಾ ಬಿಳಿ ಪೇಂಟಿನಲ್ಲಿ, ಆ ಲೆಕ್ಕವಿದ್ದ ಜಾಗದಲ್ಲೇ ಬರೆದಳು: "ಉಪ್ಪು ಬಿಟ್ಟವರು, ಎಳೆಗೂಸು ಕುಡಿಯಬಾರದು. ಇದರಲ್ಲಿ ಸೋಡಿಯಂ ಇದೆ. ರುಚಿಗೆ ತಿಳಿಯುವುದಿಲ್ಲ."

"ಇಷ್ಟುದ್ದ ಯಾರ್ ಓದ್ತಾರಕ್ಕಾ?" ಎಂದ ತಿಪ್ಪಣ್ಣ. "ಕುಡಿಯಬ್ಯಾಡ್ರಿ ಅಂತ ಬರದ್ರ ಸಾಕಲ್ಲ."

"ಯಾಕಂತನೂ ಬರೀಬೇಕು ತಿಪ್ಪಣ್ಣಾರ."

ಬಣ್ಣದ ಮನೆಯಲ್ಲಿ ಒಂಬತ್ತು ವರ್ಷ ದುಡಿದೆ. ನನ್ನ ನೀರಿನಲ್ಲಿ ಕೆಂಪು ಒಂದೇ ಸಮನಾಗಿ ಹಿಡಿಯಿತು. ಕುಡಿಯುವ ನೀರಿನ ಕೊಡ ಬಾಗಿಲ ಆಚೆ ಬೇರೆ ಇತ್ತು. ಯಾರೂ ನನ್ನೊಡನೆ ಮಾತಾಡಲಿಲ್ಲ. ಈಗ ಮಣಿಗಳು ಒಡೆದು ಪುಡಿಯಾಗಿ ನೀರಿನೊಡನೆ ಹೊರಗೆ ಬರುತ್ತಿವೆ. ತಿಪ್ಪಣ್ಣ ಹೊಸ ಯಂತ್ರಕ್ಕೆ ಹೇಳಿ ಬಂದಿದ್ದಾನೆ. ಅದು ಬರುವವರೆಗೆ ನಾನು ಮೂಲೆಯಲ್ಲಿ ನಿಂತೇ ದುಡಿಯುತ್ತೇನೆ.

ಮೊನ್ನೆ ಹಗಲು ಬಾಗಿಲಲ್ಲಿ ಎರಡು ಪಾದ ನಿಂತವು. ಗುರುತಿನವು. ನೀಲಗಂಗಾ, ಕೈಯಲ್ಲಿ ಪುಟ್ಟ ಪೇಂಟಿನ ಡಬ್ಬಿ.

"ಅಕ್ಷರ ಮಾಸ್ಯಾವಂತ ಹೇಳಿದ್ರಲ್ಲ," ಎಂದಳು.

"ಇದೀಗ ಹೋಗೂ ಮಷಿನ್ ಅಕ್ಕಾ. ಇನ್ನೆಷ್ಟು ದಿನ?"

"ಇರೂ ತನಕ ಇರ್ಲಿ."

ತಿಪ್ಪಣ್ಣ ನೂಲು ಹರವಲು ಹಿತ್ತಲಿಗೆ ಹೋದ. ಅವಳು ನನ್ನ ನಳ ತಿರುಗಿಸಿ ಅಂಗೈ ಒಡ್ಡಿದಳು. ತುಂಬಿದ ಬೊಗಸೆಯನ್ನು ಬಾಯಿಗೆ ತಂದು, ಒಂದು ಗುಟುಕು ಬಾಯಲ್ಲಿ ಹಿಡಿದು ನಿಂತಳು. ನುಂಗಿದಳು. ಇನ್ನೊಂದು ಗುಟುಕು. ಅಂದು ಲೋಟದಲ್ಲಿ ಹುಡುಕಿದ್ದನ್ನೇ ಈಗಲೂ ಹುಡುಕುತ್ತಿದ್ದಳು.

"ಹತ್ತಂಗಿಲ್ಲ," ಎಂದಳು ಮೆಲ್ಲಗೆ. "ಈಗೂ ಹತ್ತಂಗಿಲ್ಲ."

ಯಾರಿಗೆ ಹೇಳಿದಳೋ. ಅಲ್ಲಿ ಇದ್ದವನು ನಾನೊಬ್ಬನೇ.

ನಳವನ್ನು ಬಿಗಿಯಾಗಿ ನಿಲ್ಲಿಸಿ, ಸೆರಗಿನಿಂದ ನನ್ನ ಹೊಟ್ಟೆ ಒರೆಸಿ, ಹಳೆಯ ಅಕ್ಷರಗಳ ಮೇಲೆ ಒಂದೊಂದಾಗಿ ಮತ್ತೆ ಬರೆದಳು. ಒಂದು ಪದವನ್ನೂ ಬಿಡಲಿಲ್ಲ. ಹೋಗುವಾಗ ನನ್ನ ನೆತ್ತಿಯನ್ನು ತಟ್ಟಿದಳು, ಅವನು ತಟ್ಟುತ್ತಿದ್ದ ಹಾಗೆ.

ಪೇಂಟು ಇನ್ನೂ ಹಸಿ ಇದೆ.