ತೊಟ್ಟಿಲಿಗೆ ಸುರಿದ ಐಸು

“ಓರೆ ಮಾಡಿ, ಇನ್ನೂ ಸ್ವಲ್ಪ ಓರೆ ಮಾಡಿ... ಅಯ್ಯೋ, ಬಾಗಿಲಿಗೆ ತಾಗ್ತಾ ಇದೆ!”

ಗೋಣಿಚೀಲ ಸುತ್ತಿದ ಐಸ್ ಗಡ್ಡೆ ಹೊತ್ತ ಇಬ್ಬರು ಹೊಸ್ತಿಲಲ್ಲೇ ಸಿಕ್ಕಿಹಾಕಿಕೊಂಡಿದ್ದರು. ಮುಂದಿದ್ದವನು ಐಸ್ ಫ್ಯಾಕ್ಟರಿಯ ಫಿಟ್ಟರ್, ಹಿಂದಿದ್ದವನು ಲಾರಿಯವನು. ಒಳಗೆ ನಡುಮನೆಯ ಬೆಂಚಿನ ಮೇಲೆ, ಅದೇ ಫ್ಯಾಕ್ಟರಿಯ ಯಂತ್ರದ ಮುಂದೆ ಆಯಸ್ಸೆಲ್ಲ ಕಳೆದ ಆಪರೇಟರ್ ಮಲಗಿದ್ದ. ಬೆಳಗ್ಗೆ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಮಗಳು ದೂರದ ಊರಿನ ಆಸ್ಪತ್ರೆಯಲ್ಲಿ ನರ್ಸ್. ಅವಳು ಬಂದು ಮುಖ ನೋಡುವ ತನಕ ದೇಹ ಕೆಡದಂತೆ ಇಡಬೇಕಿತ್ತು. ಬಿಸಿಲೋ, ಕೇಳಬೇಡಿ.

“ಇದನ್ನ ಎಲ್ಲಿಡೋಣ?” ಎಂದ ಫಿಟ್ಟರ್.

“ತಲೆ ಹತ್ರ ಒಂದು, ಕಾಲ ಹತ್ರ ಒಂದು. ಕೆಳಗೆ ಟಬ್ ಇಡಿ,” ಎಂದಳು ಪಕ್ಕದ ಮನೆಯ ಮೀನಿನಂಗಡಿಯಾಕೆ. ಆಮೇಲೆ ದನಿ ತಗ್ಗಿಸಿ, “ಸಾಕಾಗುತ್ತಾ... ಅದು?” ಎಂದು ಕೇಳಿದಳು.

“ಸಾಲದಿದ್ರೆ ಇನ್ನೊಂದು ತರ್ತೀನಿ. ಅದನ್ನ.”

ಅದು, ಇದು! ಐಸ್ ಎಂಬ ಎರಡಕ್ಷರದ ಮಾತು ಯಾರ ಬಾಯಿಂದಲೂ ಹೊರಡಲಿಲ್ಲ. ಮನೆಯ ಹೊರಗೆ ಇಷ್ಟು ವರ್ಷ ಧಾರಾಳವಾಗಿ ಆಡಿದ ಮಾತೇ ಅದು. ‘ಐಸಪ್ಪ ಬಂದ’, ‘ಐಸಪ್ಪನ್ನ ಕೇಳು’, ‘ಸಮುದ್ರಕ್ಕೇ ಐಸ್ ಇಟ್ಟ ಗಂಡು’ ಎಂದೆಲ್ಲ ಕಟ್ಟೆಯ ಮೇಲೆ ಕೂತು ನಕ್ಕವರೇ ಈಗ ಅಂಗಳದಲ್ಲಿ ಕೈಕಟ್ಟಿ ನಿಂತಿದ್ದರು. ಅವರೇನೂ ಕೆಟ್ಟವರಲ್ಲ. ಸತ್ತವನ ಮುಂದೆ ಅವರ ನಾಲಿಗೆ ಕಚ್ಚಿಕೊಂಡಿತ್ತು, ಅಷ್ಟೇ.

ಆಪರೇಟರನ ಹೆಂಡತಿ ಎಲ್ಲವನ್ನೂ ಗೋಡೆಗೊರಗಿ ನೋಡುತ್ತಿದ್ದಳು. ಇನ್ನೂ ಅತ್ತಿರಲಿಲ್ಲ. ಎದ್ದು ಅಡುಗೆಮನೆಯ ಕಡೆ ನಡೆದು, “ತಮ್ಮಾ, ಸ್ವಲ್ಪ ಇಲ್ಲಿ ಬಾ,” ಎಂದು ಕರೆದಳು.

ಅವಳ ತಮ್ಮ ಮುಳುಗುಗಾರ. ಊರಿನ ಹವಳ ಸಂಘದ ಅಧ್ಯಕ್ಷನೂ ಅವನೇ.

“ಭಾವನ ಹೆಸರಲ್ಲಿ ಒಂದು ಚೌಕಟ್ಟು ಇಳಿಸ್ತೀಯಾ?”

ಅವಳು ಕೇಳಿದ್ದು ಸಣ್ಣದೇನಲ್ಲ. ಬಂದರಿನಾಚೆ ನೀರಿನೊಳಗೆ ಒಂದು ಹವಳದ ದಿಬ್ಬವಿದೆ. ಅಲೆಯ ಹೊಡೆತ ತಡೆಯುವುದು ಅದು, ಮೀನು ಮೊಟ್ಟೆಯಿಡುವುದು ಅಲ್ಲಿ. ಸಮುದ್ರ ವರ್ಷದಿಂದ ವರ್ಷಕ್ಕೆ ಬಿಸಿಯಾಗುತ್ತ ದಿಬ್ಬ ಬಿಳಿಚಿ ಸಾಯತೊಡಗಿದಾಗ ಊರಿನವರೇ ಸಂಘ ಕಟ್ಟಿದರು. ಬಿಸಿ ತಾಳಿ ಬದುಕಿದ ಹವಳದಿಂದ ತುಂಡು ಮುರಿದು ತಂದು, ಕಬ್ಬಿಣದ ಚೌಕಟ್ಟಿಗೆ ಕಟ್ಟಿ, ಬಂದರು ಕಟ್ಟೆಯ ಪಕ್ಕದ, ಸಮುದ್ರದ ನೀರು ನಿಲ್ಲುವ ಕಲ್ಲಿನ ಹೊಂಡದಲ್ಲಿ ಸಾಕಿ, ಬಲಿತ ಮೇಲೆ ದಿಬ್ಬಕ್ಕೆ ಇಳಿಸುವುದು ಅವರ ಕೆಲಸ. ಆ ಹೊಂಡವನ್ನು ಎಲ್ಲರೂ ತೊಟ್ಟಿಲು ಎನ್ನುತ್ತಿದ್ದರು. ಸಂಘದವರು ಯಾರಾದರೂ ತೀರಿಕೊಂಡರೆ ಅವರ ಹೆಸರು ಕೊರೆದ ತಗಡು ಕಟ್ಟಿ ಒಂದು ಚೌಕಟ್ಟು ಇಳಿಸುತ್ತಿದ್ದರು. ಆ ಊರಲ್ಲಿ ಸತ್ತವರಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಇರಲಿಲ್ಲ.

“ಅದು ಸದಸ್ಯರಿಗೆ ಅಲ್ವಾ ಅಕ್ಕ,” ಎಂದ ತಮ್ಮ ಕೊನೆಗೆ. “ಭಾವನೇ ಸಂಘ ಬಿಟ್ಟುಬಿಟ್ರಲ್ಲ.”

“ಬಿಟ್ರಾ? ಬಿಡಿಸಿದ್ರಾ?”

“ಈಗ ಆ ಮಾತೆತ್ತಿದ್ರೆ ಹಳೇದೆಲ್ಲ ಎದ್ದು ಬರುತ್ತೆ. ನಿಂಗೇ ನೋವು. ಸಭೆಯಲ್ಲಿ ಕೇಳ್ತೀನಿ. ನೋಡೋಣ.”

ನೋಡೋಣ ಅಂದರೆ ಇಲ್ಲ ಎಂದು ಅರ್ಥವಾಗದಷ್ಟು ದಡ್ಡಿಯೇನಲ್ಲ ಅವಳು. ಅಕ್ಕನ ಮುಖ ನೋಡದೆ ತಮ್ಮ ಹೊರಗೆ ಹೋದ.

*

ಮಗಳು ಇನ್ನೂ ಶಾಲೆಗೆ ಹೋಗುತ್ತಿದ್ದ ಕಾಲ. ಆ ಬೇಸಿಗೆಯಲ್ಲಿ ಸಮುದ್ರಕ್ಕೆ ಜ್ವರ ಬಂದಂತಿತ್ತು. ಗಾಳಿಯಿಲ್ಲ, ಅಲೆಯಿಲ್ಲ. ತೊಟ್ಟಿಲಿನ ನೀರಿಗೆ ಕೈಯಿಟ್ಟರೆ ಸ್ನಾನಕ್ಕೆ ಕಾಯಿಸಿದಷ್ಟು ಬೆಚ್ಚಗೆ. ಹವಳದ ತುದಿಗಳು ಬೆಳ್ಳಗಾಗತೊಡಗಿದವು. ಚೌಕಟ್ಟುಗಳನ್ನು ಆಳದ ತಂಪು ನೀರಿಗೆ ಸಾಗಿಸೋಣವೆಂದರೆ ದೊಡ್ಡ ದೋಣಿ ಕೆಟ್ಟು ದಡದ ಮೇಲೆ ಕೂತಿತ್ತು. ಸಂಘಕ್ಕೆ ಸಲಹೆ ಹೇಳುತ್ತಿದ್ದ ಸಂಶೋಧಕಿ ಬೇರೆ ಊರಿನಲ್ಲಿದ್ದಳು, ಫೋನಿಗೂ ಸಿಗಲಿಲ್ಲ.

ಎಲ್ಲರೂ ಹೊಂಡದ ಸುತ್ತ ಕೈಚೆಲ್ಲಿ ನಿಂತಿದ್ದಾಗ ಆಪರೇಟರ್ ಮೆಲ್ಲಗೆ ಬಾಯಿಬಿಟ್ಟ.

“ಐಸ್ ಹಾಕಿದ್ರೆ?”

ಮೀನು ಹಿಡಿದು ಬದುಕುವ ಊರು. ಕೆಡಬಾರದು ಅಂದರೆ ಐಸು. ಹುಟ್ಟಿದಾಗಿನಿಂದ ಅವರಿಗೆ ಗೊತ್ತಿದ್ದ ಔಷಧಿ ಅದೊಂದೇ. ಇನ್ನೊಬ್ಬರನ್ನು ಕೇಳೋಣ ಎಂದು ಯಾರಿಗೂ ಅನ್ನಿಸಲಿಲ್ಲ. ಬೀದಿಗೆ ಬೀದಿಯೇ ಹೊರಟಿತು. ಫ್ಯಾಕ್ಟರಿಯಿಂದ ಹೊಂಡದ ತನಕ ಸಾಲು ನಿಂತು ಗಡ್ಡೆಗಳನ್ನು ಕೈಯಿಂದ ಕೈಗೆ ದಾಟಿಸಿದರು. ಅವನ ಹೆಂಡತಿಯೂ ಸೆರಗನ್ನು ಸಿಂಬಿ ಮಾಡಿ ತಲೆಯ ಮೇಲೆ ಹೊತ್ತು ತಂದಳು. ಕತ್ತಿನ ಮೇಲೆ ತಣ್ಣನೆ ನೀರು ಇಳಿಯುತ್ತಿದ್ದರೆ ಹುಡುಗಿಯಂತೆ ಕಿರುಚಿ ನಕ್ಕಿದ್ದಳು. ಎದೆಮಟ್ಟ ನೀರಲ್ಲಿ ನಿಂತಿದ್ದ ತಮ್ಮ ಕೈಯೆತ್ತಿ ಕೂಗಿದ್ದ: “ತಣ್ಣಗಾಗ್ತಾ ಇದೆ ಭಾವ! ತನ್ನಿ, ಇನ್ನೂ ತನ್ನಿ!”

ಸಂಜೆಗೆ ಎಲ್ಲರೂ ಸೇರಿ ಆಪರೇಟರನನ್ನು ಹೆಗಲ ಮೇಲೆ ಎತ್ತಿಕೊಂಡು ಕುಣಿದರು. ಆಳು ನಾಚಿ ಕೆಂಪಾಗಿಬಿಟ್ಟಿದ್ದ.

ಐಸು ಕರಗಿದರೆ ಸಿಹಿನೀರು, ಸಿಹಿನೀರು ಹವಳಕ್ಕೆ ವಿಷ. ಇಷ್ಟು ಸಣ್ಣ ಸಂಗತಿ ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲವಲ್ಲ! ಕೆಲವೇ ದಿನಗಳಲ್ಲಿ ತೊಟ್ಟಿಲು ಲೋಳೆಯಾಗಿ ನಾರಿತು. ಸಂಶೋಧಕಿ ಓಡಿ ಬಂದಳು. ಚೌಕಟ್ಟನ್ನು ಮುಟ್ಟಿದರೆ ಹವಳದ ಮೇಲಿನ ಜೀವ ಬೆರಳಿಗೆ ಅಂಟಿಕೊಂಡು ಬರುತ್ತಿತ್ತು.

“ಬಿಸಿಗೆ ಅರ್ಧ ಆದ್ರೂ ಉಳೀತಿತ್ತು,” ಎಂದಳು ಆಕೆ. “ಬಾಯಿ ಕಟ್ಟಿದ ಚೀಲದಲ್ಲಿ ಐಸ್ ಇಟ್ಟು ಇಳಿಸಿದ್ರೂ ಆಗ್ತಿತ್ತು. ಯಾರು ಇದನ್ನ ಸುರಿದಿದ್ದು?”

ಎಲ್ಲರ ಕಣ್ಣೂ ಒಬ್ಬನ ಕಡೆ ತಿರುಗಿತು. ಆ ಒಬ್ಬ ತನ್ನ ಭಾವಮೈದುನನ ಕಡೆ ನೋಡಿದ. ಭಾವಮೈದುನ ತನ್ನ ಕಾಲಬೆರಳು ನೋಡುತ್ತಿದ್ದ.

“ನಾನೇ ಮೇಡಂ,” ಎಂದ ಆಪರೇಟರ್.

ಅವನ ಹೆಂಡತಿ ಪಕ್ಕದಲ್ಲೇ ಇದ್ದಳು. ಬಾಯಿ ತೆರೆದಳು, ಮತ್ತೆ ಮುಚ್ಚಿಕೊಂಡಳು.

*

ಮಧ್ಯಾಹ್ನ ಇಳಿಯುವ ಹೊತ್ತಿಗೆ ಮಗಳು ಬಂದಳು. ಅಪ್ಪನ ಎದೆಯ ಮೇಲೆ ಬಿದ್ದು ಅತ್ತಳು. ಮೊಣಕೈಗೆ ಏನೋ ತಣ್ಣಗೆ ತಗುಲಿದಾಗ ತಲೆಯೆತ್ತಿ ನೋಡಿ ದಿಗ್ಗನೆ ಹಿಂದೆ ಸರಿದಳು.

“ಇದನ್ನ ಯಾಕೆ ತಂದ್ರಿ? ನಮ್ಮಪ್ಪನಿಗೆ ಇದೇ ಆಗಬೇಕಿತ್ತಾ?”

“ಬೇರೆ ದಾರಿ ಇರಲಿಲ್ಲಮ್ಮ,” ಎಂದ ಫಿಟ್ಟರ್, ತಾನೇ ಕದ್ದು ಸಿಕ್ಕಿಬಿದ್ದವನಂತೆ. “ಇದು ನಿಮ್ಮಪ್ಪನೇ ಮಾಡಿದ್ದು. ನಿನ್ನೆ ಅವರ ಪಾಳಿಯಲ್ಲಿ ಹಾಕಿದ್ದು.”

ಶಾಲೆಯಲ್ಲಿ ಅವಳಿಗೆ ಐಸಪ್ಪನ ಮಗಳು ಎಂದೇ ಹೆಸರು ಬಿದ್ದಿತ್ತು. ಅಪ್ಪ ಶಾಲೆಯ ಬಾಗಿಲಿಗೆ ಬಂದರೆ ಇನ್ನೊಂದು ಬಾಗಿಲಿಂದ ಹೊರಟುಬಿಡುತ್ತಿದ್ದಳು.

ಅಮ್ಮ ಅವಳ ಕಿವಿಯಲ್ಲಿ ಚೌಕಟ್ಟಿನ ವಿಷಯ ಹೇಳಿದಳು. “ಎಲ್ಲರ ಎದುರಿಗೆ ಕೇಳಿಬಿಡ್ತೀನಿ.”

“ಬೇಡಮ್ಮ, ನಿನ್ನ ದಮ್ಮಯ್ಯ. ಮತ್ತೆ ನಗ್ತಾರೆ. ಇವತ್ತೊಂದು ದಿನ ಅಪ್ಪನ್ನ ಸುಮ್ಮನೆ ಬಿಡ್ಲಿ.”

“ನಗ್ತಾರೆ” ಎಂಬ ಮಾತು ಅಮ್ಮನಿಗೆ ಎಲ್ಲಿ ನಾಟಿತೆಂದು ಮಗಳಿಗೆ ಗೊತ್ತಿರಲಿಲ್ಲ.

*

ಆ ಬೇಸಿಗೆ ಕಳೆದ ಮೇಲೆ ದೋಣಿ ಮಾಲೀಕನ ಮಗಳ ಮದುವೆ. ಆಪರೇಟರ್ ಪಂಕ್ತಿಯಲ್ಲಿ ನೀರು ಬಡಿಸುತ್ತಿದ್ದ. ಯಾವ ಮನೆಯ ಕಾರ್ಯವಾದರೂ ಕರೆಯದೆಯೇ ಬಂದು ಜಗ್ಗು ಹಿಡಿಯುವ ಸ್ವಭಾವ ಅವನದು.

“ಐಸಪ್ಪ, ಸಮುದ್ರಕ್ಕೆ ಸುರಿದು ಮಿಕ್ಕಿದ್ದು ಏನಾದ್ರೂ ಇದ್ರೆ ನನ್ನ ಲೋಟಕ್ಕೂ ಹಾಕು!” ಎಂದು ಯಾರೋ ಕೂಗಿದರು.

ಪಂಕ್ತಿಗೆ ಪಂಕ್ತಿಯೇ ಘೊಳ್ಳೆಂದಿತು. ಹೆಂಗಸರ ಸಾಲಿನಲ್ಲಿ ಅಕ್ಕಪಕ್ಕದವರು ನಗುತ್ತ ಅವನ ಹೆಂಡತಿಯ ಮುಖ ನೋಡಿದರು. ಅವಳೂ ನಕ್ಕಳು. ನಗದಿದ್ದರೆ ತಾನು ಅವನ ಕಡೆಯವಳಾಗಿಬಿಡುತ್ತಿದ್ದಳು. ಆ ಕ್ಷಣ ಅವಳಿಗೆ ಅದು ಬೇಡವಾಗಿತ್ತು. ನಗು ತುಟಿಯ ಮೇಲಿದ್ದಾಗಲೇ ಅವನು ಇತ್ತ ನೋಡಿದ. ನೋಡಿ, ಮುಂದಿನ ಲೋಟಕ್ಕೆ ನೀರು ಹಾಕಿದ.

ಮನೆಗೆ ಬರುವ ದಾರಿಯಲ್ಲಿ, “ಚೆನ್ನಾಗಿ ಹೇಳ್ದ ಅಲ್ವಾ,” ಎಂದ. ಅಷ್ಟೇ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು ಅವಳಿಗೆ. ಮನುಷ್ಯ ಬೈಯಲೇ ಇಲ್ಲವಲ್ಲ, ಸಾಯುವ ತನಕ!

ಅವನು ಶುರುಮಾಡಿಕೊಂಡದ್ದು ಬೇರೆ. ಫ್ಯಾಕ್ಟರಿಯಲ್ಲಿ ಕರಗಿದ ನೀರು ಮೋರಿಯಲ್ಲಿ ಹರಿದು ತೊಟ್ಟಿಲಿನ ಪಕ್ಕದಲ್ಲೇ ಸಮುದ್ರ ಸೇರುತ್ತಿತ್ತು. ಮೋರಿ ತಿರುಗಿಸಿ ಎಂದು ಮಾಲೀಕನನ್ನು ಕೇಳಿಕೊಂಡ, ಆತ ಕಿವಿಗೆ ಹಾಕಿಕೊಳ್ಳಲಿಲ್ಲ. ಅಂದಿನಿಂದ ಪಾಳಿ ಮುಗಿದ ಮೇಲೆ ಮೋರಿಯ ಬಾಯಿಗೆ ಟಬ್ ಹಿಡಿದು, ತುಂಬಿದ್ದನ್ನು ಬೀದಿಯ ತಿರುವಿನ ಬಾದಾಮಿ ಮರದ ತನಕ ಹೊತ್ತು ಬುಡಕ್ಕೆ ಹೊಯ್ಯುತ್ತಿದ್ದ. ಅಷ್ಟು ದೊಡ್ಡ ಸಮುದ್ರಕ್ಕೆ ಒಂದು ಟಬ್ ನೀರು ಯಾವ ಲೆಕ್ಕ? ಅದಕ್ಕೂ ಜನ ನಕ್ಕರು. ಮನೆಯ ಹಿಂಬಾಗಿಲು ತೆರೆದರೆ ತಡೆಗೋಡೆ, ಗೋಡೆಯಾಚೆ ಸಮುದ್ರ. ಆ ಸಾಲಿನ ಮನೆಗಳಲ್ಲಿ ಪಾತ್ರೆ ತೊಳೆದ ನೀರನ್ನೂ ಅತ್ತಲೇ ಎಸೆಯುವುದು. ಅವನು ಕುಡಿದು ಉಳಿದ ಲೋಟದ ನೀರನ್ನೂ ಎಸೆಯುತ್ತಿರಲಿಲ್ಲ.

“ಸಾಕು ಮಾಡಿ, ಜನ ಏನಂತಾರೆ!” ಎಂದು ಅವಳು ಸಿಡುಕುತ್ತಿದ್ದಳು.

“ಅಂತಾರೆ, ಅನ್ಲಿ ಬಿಡು. ಕೈ ಒಂದ್ಸಲ ತಪ್ಪು ಮಾಡಿದೆ. ಅದಕ್ಕೂ ಏನಾದ್ರೂ ಕೆಲಸ ಬೇಕಲ್ಲ,” ಎನ್ನುತ್ತಿದ್ದ ಅವನು.

*

“ಹೊತ್ತಾಯ್ತು. ಎತ್ತೋಣ್ವಾ?” ಎಂದು ಫಿಟ್ಟರ್ ಕೇಳಿದ.

ನಾಲ್ವರು ಮುಂದೆ ಬಂದರು. ಭಾವನ ತಲೆಯ ಬದಿಗೆ ತಮ್ಮ ಹೋದ.

“ನಿಲ್ಲಿ,” ಎಂದಳು ಆಪರೇಟರನ ಹೆಂಡತಿ. ಮಗಳು ಕೈ ಹಿಡಿದೆಳೆದಳು. ಅವಳು ಬಿಡಿಸಿಕೊಂಡಳು.

“ಐಸ್,” ಎಂದಳು.

ಅಂಗಳದಲ್ಲಿದ್ದವರು ಬಾಗಿಲ ಕಡೆ ತಿರುಗಿದರು.

“ಹೇಳೋಕೆ ಯಾಕೆ ಹೆದರ್ತೀರಿ? ಐಸ್ ಅನ್ನಿ. ಅವತ್ತು ಆ ಐಸ್‌ನ ನಾನೂ ಹೊತ್ತಿದ್ದೆ, ಈ ತಲೆ ಮೇಲೆ. ಯಾರು ಅಂತ ಕೇಳಿದಾಗ ಸುಮ್ಮನಿದ್ದೆ. ಮದುವೆ ಮನೇಲಿ ನೀವೆಲ್ಲ ಅವರನ್ನ ಆಡ್ಕೊಂಡಾಗ ನಾನೂ ನಕ್ಕೆ. ಕಟ್ಕೊಂಡವಳು ನಾನು, ನಾನೇ ನಕ್ಕೆ. ಅವರು ನೋಡಿದ್ರು.” ಅವಳು ಬೆಂಚಿನ ಅಂಚು ಹಿಡಿದುಕೊಂಡಳು. “ನಿಮಗೆ ಬುದ್ಧಿ ಹೇಳೋ ಮುಖ ನನಗಿಲ್ಲ. ಕೇಳ್ಕೋತಾ ಇದೀನಿ ಅಷ್ಟೇ. ಅವರ ಹೆಸರಲ್ಲಿ ಒಂದು ಚೌಕಟ್ಟು ಇಳಿಸಿ.”

ಮೀನಿನಂಗಡಿಯಾಕೆ ಸೆರಗಿನಿಂದ ಮೂಗು ಒರೆಸಿಕೊಂಡಳು.

“ನಮ್ಮನೆಯವರ ಚೌಕಟ್ಟು ಇಳಿಸಿದ್ರಿ,” ಎಂದಳು, ಯಾರನ್ನೂ ನೋಡದೆ. “ದೋಣೀಲಿ ಕರ್ಕೊಂಡು ಹೋಗಿ, ಎಲ್ಲರೂ ಕೈ ಮುಗಿದು ಇಳಿಸಿದ್ರಿ. ತೊಟ್ಟಿಲಿಗೆ ಸುರಿದ ದಿನ ಎಲ್ಲರಿಗಿಂತ ಜಾಸ್ತಿ ಐಸ್ ಹೊತ್ತಿದ್ದು ನಮ್ಮನೆಯವರೇ. ಆಮೇಲೆ ಐಸಪ್ಪ ಅಂತ ಹೆಸರಿಟ್ಟಿದ್ದೂ ಅವರೇ.”

ಲಾರಿಯವನು ಕೈಯಲ್ಲಿದ್ದ ಗೋಣಿಚೀಲವನ್ನು ಮಡಚಿದ, ಬಿಡಿಸಿದ, ಮತ್ತೆ ಮಡಚಿದ. ತಲೆ ತಗ್ಗಿಸಿಕೊಂಡೇ ಇದ್ದ ತಮ್ಮ. ಅಕ್ಕ ಅವನನ್ನೇ ನೋಡುತ್ತಿದ್ದಳು. ‘ಇನ್ನೂ ತನ್ನಿ’ ಎಂದವನು ಯಾರೆಂದು ಅವಳು ಹೇಳಲಿಲ್ಲ. ಹೇಳದೆ ಬಿಟ್ಟದ್ದೇ ಅವನಿಗೆ ಕೆನ್ನೆಗೆ ಹೊಡೆದಂತಾಗಿತ್ತು.

ಕೊನೆಗೆ ಎತ್ತಿದರು. ಬೆಂಚು ಖಾಲಿಯಾಯಿತು. ಕೆಳಗಿದ್ದ ಟಬ್ಬಿನಲ್ಲಿ ಕರಗಿದ ನೀರು ಅಂಚಿನ ತನಕ ತುಂಬಿತ್ತು. ಫಿಟ್ಟರ್ ಅದನ್ನೆತ್ತಿಕೊಂಡು ಅಭ್ಯಾಸಬಲದಿಂದ ಹಿಂಬಾಗಿಲಿಗೆ ಹೋದ. ಗೋಡೆಯಾಚೆ ಸಮುದ್ರ. ಎಸೆಯಲು ಟಬ್ಬನ್ನು ಎತ್ತಿ ಹಿಡಿದವನು ಹಾಗೇ ನಿಂತುಬಿಟ್ಟ.

“ಕೊಡು ಇಲ್ಲಿ,” ಎಂದ ತಮ್ಮ.

ಭಾವನ ತಲೆಯ ಬದಿಯ ಹೆಗಲನ್ನು ಫಿಟ್ಟರನಿಗೆ ಬಿಟ್ಟುಕೊಟ್ಟು ಟಬ್ಬನ್ನು ಎದೆಗವಚಿಕೊಂಡ. ನಡುಮನೆ ದಾಟಿ, ಅಂಗಳ ದಾಟಿ, ಬೀದಿಗಿಳಿದ. ಅಂಗಿ ತೊಯ್ದು ಮೈಗಂಟಿತು. ತುಂಬಿದ ಟಬ್ಬು; ಜೋರಾಗಿ ನಡೆದರೆ ಚೆಲ್ಲುತ್ತದೆ, ಚೆಲ್ಲಿದ್ದು ಮೋರಿಗಿಳಿಯುತ್ತದೆ. ಮೆಲ್ಲಗೆ ನಡೆದ. ದೇಹ ಹೊತ್ತವರು ಹಿಂದೆ ಬಂದರು. ದಾಟಿ ಹೋಗಿ ಎಂದು ಅವನು ಪಕ್ಕಕ್ಕೆ ಸರಿದ. ಅವರು ದಾಟಲಿಲ್ಲ. ಅವನ ಹೆಜ್ಜೆಗೆ ಹೆಜ್ಜೆ ಹಾಕುತ್ತ ಹಿಂದೆಯೇ ನಿಂತು ನಿಂತು ನಡೆದರು. ಅವರ ಹಿಂದೆ ಬೀದಿಗೆ ಬೀದಿಯೇ ನಡೆಯಿತು. ಯಾರೂ ನಗಲಿಲ್ಲ.

ತಿರುವಿನಲ್ಲಿ ಬಾದಾಮಿ ಮರ ಬಂತು. ಸುತ್ತಲಿನ ಮರಗಳೆಲ್ಲ ಬಿಸಿಲಿಗೆ ಎಲೆಯುದುರಿಸಿದ್ದವು; ಇದೊಂದು ಕಡು ಹಸಿರಾಗಿತ್ತು. ಆಪರೇಟರನನ್ನು ಹೆಗಲ ಮೇಲೆ ಹೊತ್ತವರು ಆ ನೆರಳಿನಲ್ಲಿ ನಿಂತರು. ಮೊಣಕಾಲೂರಿ ತಮ್ಮ ಟಬ್ಬನ್ನು ಓರೆ ಮಾಡಿದ. ನೀರು ಬುಡದ ಮಣ್ಣಿಗೆ ಇಂಗಿತು. ತಳದಲ್ಲಿ ಇನ್ನೂ ಕರಗದ ಒಂದು ಚೂರು ಐಸ್ ಉಳಿದಿತ್ತು. ಅದನ್ನು ಅಂಗೈಯಲ್ಲಿಟ್ಟುಕೊಂಡು ಅವನು ಅಲ್ಲೇ ಕೂತ. ಅದು ಪೂರ್ತಿ ಕರಗಿ ಬೆರಳ ಸಂದಿಯಿಂದ ಮಣ್ಣಿಗೆ ಇಳಿಯುವ ತನಕ ಹೊತ್ತವರು ಹೆಗಲು ಬದಲಿಸದೆ ಕಾದರು.